ಹತ್ತು ಕಂತು

ನಮ್ಮ ಕಟ್ಟಡ ವಾಲಿದೆ.
ಸಾಂತೋಸಿನ ಕಡಲಂಚಿಗೆ ಇದೇನೂ ಹೊಸತಲ್ಲ,
ಮರಳಡಿಯ ಜೇಡಿ ಜಗ್ಗಿ ಜಗ್ಗಿ
ಒಂದು ಮನೆ ಇನ್ನೊಂದರ ಕಿವಿಗೆ
ಗುಟ್ಟು ಹೇಳುವಂತೆ ನಿಂತಿದೆ.
ಆರನೆಯ ಮಹಡಿ. ಅಡುಗೆಮನೆಯಲ್ಲಿ ಬಿಟ್ಟ ಚೆಂಡು
ತಾನಾಗಿ ಉರುಳಿ ಬಾಲ್ಕನಿ ಸೇರುತ್ತದೆ,
ಬೆನಿಸಿಯೊ ಅದರ ಹಿಂದೆ ಓಡುತ್ತಾನೆ.
ಅವನಿಗೆ ಎರಡು ತುಂಬಲು ಇನ್ನು ನಲವತ್ತು ದಿನ,
ಅಷ್ಟರೊಳಗೆ ಹೋದರೆ ಟಿಕೆಟ್ಟಿಲ್ಲ.

ಲೆಕ್ಕ ಶುರುವಾದದ್ದೇ ಅಲ್ಲಿ.

ಮೂರು ರಾತ್ರಿ. ಬೂಜಿಯೊಸ್, ಇಲ್ಯಾಬೆಲಾ, ಮರಳಿ ಮನೆ.
ಕಿಟಕಿಯಿಲ್ಲದ ಕೋಣೆಯಾದರೆ ಹತ್ತು ಕಂತು,
ಕಿಟಕಿ ಬೇಕಾದರೆ ಹೊಸ ಫ್ರಿಜ್ಜನ್ನು ಮರೆಯಬೇಕು.
ಔಷಧಿ ಅಂಗಡಿಯ ಗಲ್ಲಾದ ಹಿಂದೆ ಕೂತು
ಕೆಮ್ಮಿನ ಸಿರಪ್ಪಿನ ಬಿಲ್ಲಿನ ಬೆನ್ನಿಗೆ
ಕೂಡಿ ಕಳೆದು ನೋಡಿದೆ.
ಕೂಡಿದ್ದಕ್ಕಿಂತ ಕಳೆದದ್ದೇ ಹೆಚ್ಚು.

ಅಕ್ಕ ಇವನೀಸಿ ಹೋಗಿ ಬಂದವಳು.
"ಬೇಡ" ಅಂದಳು. "ಡೈಪರ್ ಹಾಕಿದ ಮಗುವನ್ನು
ಕೊಳಕ್ಕೆ ಇಳಿಸಗೊಡುವುದಿಲ್ಲ,
ಸುತ್ತ ಅಷ್ಟು ನೀರು, ಇವನ ಪಾಲಿಗೆ ಒಂದು ಬಕೆಟ್ಟೂ ಇಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಅಲ್ಲಿ ಹಾಸಿಗೆ ಚಾವಣಿಯಿಂದ ಇಳಿಯುತ್ತದೆ,
ಕಾಲು ಚಾಚಿದರೆ ಬಚ್ಚಲು.
ಊಟ? ಊಟ ದಿನವಿಡೀ. ನನ್ನವು ತಿಂದದ್ದು ಬರೀ ಬ್ರೆಡ್ಡು.
ಮಧ್ಯಾಹ್ನ ಮೇಲೆ ಎಲ್ಲರೂ ಕುಣಿಯುವಾಗ
ಕತ್ತಲ ಕೋಣೆಯಲ್ಲಿ, ಮಲಗಿದ ಕೂಸಿನ ಪಕ್ಕ ಕೂತು
ಫೋನಿನಲ್ಲಿ ಸಮುದ್ರದ ಚಿತ್ರ ನೋಡಿದೆ.
ಅದೂ ಹೋಗಲಿ, ಅವಕ್ಕೆ ಏನು ನೆನಪಿರುತ್ತೆ ಹೇಳು?"

ನಿಜ. ನಯಾರಾಗೆ ಐದು.
ಹೋದ ವರ್ಷ ಅಕ್ವೇರಿಯಂ ತೋರಿಸಿದೆವು,
ಪೆಂಗ್ವಿನ್ ನೋಡಿದಳು, ಶಾರ್ಕ್ ನೋಡಿದಳು,
ಈಗ ಕೇಳಿದರೆ ಹೇಳುವುದು
ಗೇಟಿನ ಬಳಿ ಮಲಗಿದ್ದ ಮೂರು ಕಾಲಿನ ನಾಯಿಯನ್ನು.
ನಾವು ದುಡ್ಡು ಕೊಟ್ಟ ಕಡೆಗೆ
ನೆನಪು ತಿರುಗಿಯೂ ನೋಡುವುದಿಲ್ಲ.

ಬೇಡ ಅಂದುಕೊಂಡೆ.
ಅಂದುಕೊಂಡ ಮೇಲೆ ಮನಸ್ಸು ಹಗುರಾಗಬೇಕಿತ್ತು.

ಭಾನುವಾರ ಪೊಂತಾ ದ ಪ್ರಾಯಾದ ಕಟ್ಟೆಗೆ ಹೋದೆವು,
ಬೆಣ್ಣೆ ಸವರಿದ ಜೋಳದ ತೆನೆ ತಿನ್ನುತ್ತ ನಿಂತೆವು.
ಹಡಗು ಬಂತು, ಒಂದು ಬೀದಿಯೇ ಎದ್ದು ನಡೆದ ಹಾಗೆ,
ಎಷ್ಟು ಹತ್ತಿರವೆಂದರೆ ಯಾರದೋ ಕೆಂಪು ಟವೆಲ್ಲು,
ಯಾರದೋ ಮಗು ಹಟ ಹಿಡಿದು ಅಳುವುದು ಕಾಣಿಸಿತು.
ಮೇಲಿನವರು ಕೈ ಬೀಸಿದರು, ನಾವೂ ಬೀಸಿದೆವು.
"ಅವರು ಏನು ನೋಡೋಕೆ ಹೋಗ್ತಿದಾರೆ?" ಅಂದಳು ನಯಾರಾ.
"ಸದ್ಯಕ್ಕೆ ನಮ್ಮನ್ನ" ಅಂದೆ.

ಒಡಾಯಿರ್ ಎಂಟಕ್ಕೆ ಮನೆಗೆ ಬಂದ.
ಆ ಹಡಗಿನ ಹಗ್ಗ ಬಿಚ್ಚಿದವನು ಅವನೇ.
ಹನ್ನೊಂದು ವರ್ಷದಿಂದ ಧಕ್ಕೆಯಲ್ಲಿ
ಬಂದದ್ದನ್ನು ಕಟ್ಟುತ್ತಾನೆ, ಹೋಗುವುದನ್ನು ಬಿಚ್ಚುತ್ತಾನೆ,
ತೊಡೆಗಾತ್ರದ ಹಗ್ಗ, ಉಪ್ಪು ಕುಡಿದು ಭಾರ.
ಒಂದನ್ನೂ ಹತ್ತಿಲ್ಲ. ಹತ್ತಬೇಕು ಅಂದದ್ದೂ ಇಲ್ಲ.
ಅನ್ನಕ್ಕೆ ಬೀನ್ಸು ಕಲೆಸುತ್ತ, ತಟ್ಟೆಗೆ ಹೇಳುವಂತೆ ಹೇಳಿದ:
"ಕೊನೆಯ ಹಗ್ಗ ನೀರಿಗೆ ಬೀಳುತ್ತಲ್ಲ, ಆ ಸದ್ದು
ಮೇಲೆ ನಿಂತವರಿಗೆ ಕೇಳಿಸುತ್ತೋ ಇಲ್ಲವೋ."
ಹತ್ತಿ ನೋಡು ಅಂದರೆ ನಕ್ಕ.
"ಆಗ ಬಿಚ್ಚೋದು ಯಾರು, ಜಿಲ್ಮಾರನಾ?
ತನ್ನ ಬೂಟಿನ ಗಂಟೇ ಅವನಿಗೆ ಬಿಡಿಸೋಕೆ ಬರಲ್ಲ."

ರಾತ್ರಿ ಮಕ್ಕಳಿಬ್ಬರೂ ಇಳಿಜಾರಿಗೆ ಉರುಳಿ
ನನ್ನ ಮೈಗಂಟಿ ಮಲಗಿದರು.
ಇವರು ಮರೆಯಲಿ.
ನೆನಪಿಡುವ ವಯಸ್ಸಿನವನು ಈ ಮನೆಯಲ್ಲಿ ಒಬ್ಬನಿದ್ದಾನೆ,
ನಲವತ್ತೊಂದು, ಅಂಗೈ ತುಂಬ ಹಗ್ಗ ಬರೆದ ಗೆರೆ.
ಸಣ್ಣವನು ಅತ್ತರೆ ಅಳಲಿ, ಬ್ರೆಡ್ಡೇ ತಿನ್ನಲಿ,
ವಾಂತಿಯ ಮಾತ್ರೆ ನನ್ನ ಅಂಗಡಿಯಲ್ಲೇ ಇದೆ.

ಸೋಮವಾರ ಊಟದ ಬಿಡುವಿನಲ್ಲಿ ಹೋಗಿ
ಮೊದಲ ಕಂತು ಕಟ್ಟಿದೆ,
ಕಿಟಕಿಯಿಲ್ಲದ್ದಕ್ಕೇ.
ಅವನಿಗಿನ್ನೂ ಹೇಳಿಲ್ಲ.
ಜಿಲ್ಮಾರನಿಗೆ ಹೇಳಿದ್ದೇನೆ,
ಆ ಸಂಜೆ ಕೊನೆಯ ಹಗ್ಗವನ್ನು
ಒಂದಿಷ್ಟು ಜೋರಾಗಿಯೇ ನೀರಿಗೆ ಹಾಕು ಅಂತ.